ಛತ್ರದ ವೆಬ್‌ಸೈಟ್ ಕಟ್ಟಿದ ಆಷಾಢ

ಮೊನ್ನೆ ಜೆ.ಪಿ. ನಗರದ ಕಡೆ ಹೋಗುವಾಗ ಒಂದು ಕಲ್ಯಾಣ ಮಂಟಪದ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಆಷಾಢವಲ್ಲವೇ, ಮದುವೆ ಮುಂಜಿ ಏನೂ ಇಲ್ಲ, ಛತ್ರಗಳೆಲ್ಲ ಸುಣ್ಣ ಬಣ್ಣ ಕಾಣುವ ತಿಂಗಳು. ಗಾಳಿ ಬೀಸಿದ ಹೊಡೆತಕ್ಕೆ ಎನಾಮಲ್ ಪೇಂಟಿನ ವಾಸನೆ ಆಟೊದೊಳಗೆ ನುಗ್ಗಿತು. ಎರಡು ವರ್ಷದ ಹಿಂದೆ ಒಂದಿಡೀ ಆಷಾಢ ನಾನು ಇದೇ ವಾಸನೆ ಕುಡಿಯುತ್ತ, ಚಿಕ್ಕಲಸಂದ್ರದ ಒಂದು ಛತ್ರದ ಮಹಡಿಯಲ್ಲಿ ಕೂತು, ಒಂದು ತೀರ್ಮಾನ ತೆಗೆದುಕೊಳ್ಳಲಾರದೆ ಒದ್ದಾಡಿದ್ದೆ. ಒದ್ದಾಡಿದವಳು ನಾನು, ಕಳೆದುಕೊಂಡವಳು ಇನ್ನೊಬ್ಬಳು. ಅದನ್ನು ಒಮ್ಮೆ ಹೇಳಿಬಿಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮದು ಮೂರೇ ಜನರ ಕಂಪನಿ. ಕಂಪನಿ ಅನ್ನುವುದೂ ಜಾಸ್ತಿಯೇ. ನಾನು ಶೋಭಾ, ಮೊದಲು ಜಯನಗರದ ಒಂದು ಮುದ್ರಣಾಲಯದಲ್ಲಿ ಹತ್ತು ವರ್ಷ ಲಗ್ನಪತ್ರಿಕೆ ಡಿಸೈನ್ ಮಾಡಿದವಳು, ಆಮೇಲೆ ವೆಬ್‌ಸೈಟ್ ಕಟ್ಟುವುದು ಕಲಿತವಳು. ಪ್ರಸಾದ್ ನನ್ನ ಕಾಲೇಜಿನ ಗೆಳೆಯ, ಮಾತು ಜಾಸ್ತಿ, ಕೋಪ ಇನ್ನೂ ಜಾಸ್ತಿ. ಕಾವ್ಯ ನಮ್ಮಿಬ್ಬರಿಗಿಂತ ತುಂಬ ಚಿಕ್ಕವಳು, ಕೈ ಚುರುಕು. ಆ ವರ್ಷ ಚೈತ್ರದಲ್ಲಿ ತಾನೇ ಅವಳ ಮದುವೆಯಾಗಿತ್ತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಮನೆಯಲ್ಲಿ ಇರಬಾರದು ಅಂತ ಇಲ್ಲೇ ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ತವರಿಗೆ ಕಳಿಸಿದ್ದರು. ಸಂಜೆ ಐದಾದರೆ ಸಾಕು, ಲಾಲ್‌ಬಾಗಿನ ಗೇಟಿನ ಹತ್ತಿರ ಗಂಡ ಕಾಯುತ್ತಿರುತ್ತಾನೆ ಅಂತ ಬ್ಯಾಗು ಹೆಗಲಿಗೆ ಏರಿಸುತ್ತಿದ್ದಳು.

ನಮ್ಮ ಆಫೀಸು ಛತ್ರದ ಊಟದ ಹಾಲಿನ ಮೇಲಿನ ಕೋಣೆ. ಛತ್ರದವರು ಅಲ್ಲಿಯ ಹಳೇ ಊರಿನವರು. ಯಜಮಾನರು ಮುನಿಯಪ್ಪನವರು, ಈಗ ಎಲೆ ಹಾಕುವ ಜಾಗದಲ್ಲಿ ತಾವು ರಾಗಿ ಕುಯ್ದದ್ದನ್ನು ಬಂದವರಿಗೆಲ್ಲ ಹೇಳುವವರು. ಛತ್ರವನ್ನು ನೋಡಿಕೊಳ್ಳುತ್ತಿದ್ದವಳು ಅವರ ಹಿರಿಸೊಸೆ ಲತಾ. ಅವಳ ಗಂಡನಿಗೆ ನೀರಿನ ಟ್ಯಾಂಕರುಗಳ ವ್ಯಾಪಾರ, ಛತ್ರದ ಕಡೆ ತಲೆ ಹಾಕುತ್ತಿರಲಿಲ್ಲ. ಮೈದುನ ಸುರೇಶನಿಗೆ ಮಾತ್ರ ಛತ್ರವನ್ನು ಯಾವುದೋ ಈವೆಂಟ್ ಕಂಪನಿಗೆ ಲೀಸಿಗೆ ಕೊಟ್ಟುಬಿಡುವ ಆಸೆ. ನಾಲ್ಕು ವರ್ಷದಿಂದ ಲತಾ ಗೇಟಿನ ಪಕ್ಕದ ಸಣ್ಣ ರೂಮಿನಲ್ಲಿ ಒಂದು ದಪ್ಪ ಡೈರಿ, ಒಂದು ಫೋನು ಇಟ್ಟುಕೊಂಡು ಇಡೀ ಛತ್ರ ನಡೆಸುತ್ತಿದ್ದಳು. ಬಿ.ಕಾಂ. ಓದಿ ಸೊಸೆಯಾಗಿ ಬಂದವಳಿಗೆ ತನ್ನದು ಅಂತ ಇದ್ದದ್ದು ಅದೊಂದೇ ರೂಮು.

ಆಷಾಢದ ಮೊದಲ ವಾರ ಅವಳು ಮೆಟ್ಟಿಲು ಹತ್ತಿ ಬಂದಳು. ಗಾಳಿಗೆ ಕಿಟಕಿ ಬಾಗಿಲು ಪಟಪಟ ಬಡಿಯುತ್ತಿತ್ತು. ಡೈರಿಯನ್ನು ಎದೆಗೆ ಒತ್ತಿಕೊಂಡೇ ಮಾತಾಡಿದಳು.

"ಮೇಡಂ, ನಮ್ ಛತ್ರಕ್ಕೊಂದು ವೆಬ್‌ಸೈಟ್ ಬೇಕು. ಯಾವ ದಿನ ಖಾಲಿ ಇದೆ ಅಂತ ಜನ ಫೋನಲ್ಲೇ ನೋಡ್ಬೇಕು, ಅಲ್ಲೇ ಬುಕ್ ಮಾಡ್ಬೇಕು. ಶ್ರಾವಣ ಬರೋದ್ರೊಳಗೆ ಆಗತ್ತಾ?"

"ಯಾಕಷ್ಟು ಅರ್ಜೆಂಟು?" ಎಂದೆ.

"ಮಾವ ಹೇಳ್ಬಿಟ್ಟಿದ್ದಾರೆ. ಕಾರ್ತಿಕದ ಮುಹೂರ್ತಗಳೆಲ್ಲ ಈ ಶ್ರಾವಣದಲ್ಲಿ ತುಂಬಿಸಿ ತೋರ್ಸಿದ್ರೆ ಛತ್ರ ನನ್ ಕೈಲೇ ಇರತ್ತಂತೆ. ಇಲ್ಲಾಂದ್ರೆ ಸುರೇಶ ಹೇಳ್ದಂಗೆ ಲೀಸಿಗೆ." ಡೈರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಅದು ಹೋದ್ರೆ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಮನೇಲಿ ಕೂತು ಏನ್ ಮಾಡ್ಲಿ ಮೇಡಂ?" ಎಂದಳು.

ಆಷಾಢದಲ್ಲಿ ಯಾರೂ ಛತ್ರ ಬುಕ್ ಮಾಡಲು ಬರುವುದಿಲ್ಲ. ಶ್ರಾವಣದ ಮೊದಲ ಶುಕ್ರವಾರ ಬಂತೋ, ಪಂಚಾಂಗ ಹಿಡಿದು ಸಾಲುಗಟ್ಟಿ ಬರುತ್ತಾರೆ. ನಮ್ಮ ಕೈಯಲ್ಲಿ ಇದ್ದದ್ದು ಭರ್ತಿ ನಾಲ್ಕು ವಾರ. ಇಂಥ ಸೈಟು ಕಟ್ಟಲು ಎರಡು ವಾರ ಧಾರಾಳ ಸಾಕು. ನಾನು ನಗುತ್ತ ಒಪ್ಪಿಕೊಂಡೆ. ಲತಾ ಡೈರಿಯನ್ನು ಮೇಜಿನ ಮೇಲಿಟ್ಟು, "ನೋಡ್ಕೊಳಿ, ಎಲ್ಲಾ ಇದ್ರಲ್ಲೇ ಇದೆ" ಎಂದು ಹೋದಳು.

ಅವಳು ಇನ್ನೂ ಮೆಟ್ಟಿಲು ಇಳಿಯುತ್ತಿರುವಾಗಲೇ ಪ್ರಸಾದ್ ಶುರುಮಾಡಿದ, "ರಿಯಾಕ್ಟ್‌ನಲ್ಲಿ ಮಾಡೋಣ. ಮಾತೇ ಇಲ್ಲ."

"ಅಯ್ಯೋ, ಇಷ್ಟು ಸಣ್ಣ ಸೈಟಿಗೆ ರಿಯಾಕ್ಟಾ?" ಎಂದಳು ಕಾವ್ಯ. "ಸ್ವೆಲ್ಟ್ ಸಾಕು ಸಾರ್. ಹಗುರ ಇರತ್ತೆ. ಜನ ಮೊಬೈಲಲ್ಲಿ ನೋಡೋದು."

ಈ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು. ವೆಬ್‌ಸೈಟಿನಲ್ಲಿ ನಿಮ್ಮ ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಭಾಗವನ್ನು ಕಟ್ಟಲು ಸಿದ್ಧ ಚೌಕಟ್ಟುಗಳಿವೆ, ಫ್ರೇಮ್‌ವರ್ಕ್ ಅನ್ನುತ್ತೇವೆ. ರಿಯಾಕ್ಟ್, ವ್ಯೂ, ಸ್ವೆಲ್ಟ್, ಆಂಗ್ಯುಲರ್ ಎಲ್ಲ ಅವೇ. ಅದರ ಮೇಲೆ ಕೂರಿಸುವ ಬಟನ್ನು, ಪಟ್ಟಿ, ಕ್ಯಾಲೆಂಡರುಗಳೂ ಸಿದ್ಧವಾಗಿ ಸಿಗುತ್ತವೆ. ಅವನ್ನು ಕಾಂಪೊನೆಂಟ್ ಲೈಬ್ರರಿ ಅನ್ನುತ್ತೇವೆ. ಮೊದಲನೆಯದು ಚಪ್ಪರದ ಕಂಬ ಅಂದುಕೊಳ್ಳಿ, ಎರಡನೆಯದು ಡೆಕೊರೇಷನ್ನಿನವನು ಲಾರಿಯಲ್ಲಿ ತಂದಿಳಿಸುವ ಸೋಫಾ ಮತ್ತು ಹೂವಿನ ಕಮಾನು. ಯಾವುದನ್ನು ಹಿಡಿದರೂ ಮದುವೆ ಆಗುತ್ತದೆ. ಆದರೆ ನಮ್ಮಂಥವರ ಹತ್ತಿರ ಹೀಗೆ ಹೇಳಿದರೆ ಕೈಯೆತ್ತಿ ಹೊಡೆಯಲು ಬರುತ್ತೇವೆ.

ಪ್ರಸಾದನದು ಒಂದು ವೋಟು, ಕಾವ್ಯಳದು ಒಂದು ವೋಟು. ಉಳಿದದ್ದು ನನ್ನದು. ಇಬ್ಬರೂ ನನ್ನ ಮುಖ ನೋಡಿದರು. ನನಗೋ, ಹಿಂದೆ ಒಂದು ಸಲ ನಂಬಿ ಹಿಡಿದ ಚೌಕಟ್ಟು ಕೈಕೊಟ್ಟ ನೆನಪು ಇನ್ನೂ ಹಸಿಯಾಗಿತ್ತು. ಅದರ ಹೊಸ ಆವೃತ್ತಿ ಬಂದು, ಹಳೆಯದನ್ನು ಕೇಳುವವರಿಲ್ಲದೆ, ಕಟ್ಟಿದ್ದನ್ನೆಲ್ಲ ಬುಡದಿಂದ ಮತ್ತೆ ಕಟ್ಟಬೇಕಾಗಿತ್ತು. ಅಂದಿನಿಂದ ನನಗೆ ಆಯ್ಕೆ ಅಂದರೆ ಅಳುಕು. "ಎರಡು ದಿನ ಟೈಮ್ ಕೊಡ್ರಪ್ಪಾ, ಓದಿ ಹೇಳ್ತೀನಿ" ಎಂದೆ.

ಓದಿದೆ. ಓದಿದಷ್ಟೂ ತಲೆ ಕೆಟ್ಟಿತು. ಒಬ್ಬ ರಿಯಾಕ್ಟ್ ಬಿಟ್ಟರೆ ಕೆಲಸವೇ ಸಿಗುವುದಿಲ್ಲ ಅಂತ ಬರೆದಿದ್ದ, ಇನ್ನೊಬ್ಬ ನಾನು ರಿಯಾಕ್ಟ್ ಬಿಟ್ಟು ಬದುಕಿದೆ ಅಂತ ಬರೆದಿದ್ದ. ಇಬ್ಬರಿಗೂ ಸಾವಿರಾರು ಜನ ಹೌದು ಹೌದು ಅಂದಿದ್ದರು. ಇವರಿಬ್ಬರ ಮಧ್ಯೆ ವ್ಯೂ ಒಳ್ಳೆಯದೇನೋ ಅನ್ನಿಸಿತು. ಅದನ್ನು ಹೇಳಿದ್ದೇ ತಡ, ಅಲ್ಲಿಯವರೆಗೆ ಜಗಳವಾಡುತ್ತಿದ್ದ ಪ್ರಸಾದ್ ಮತ್ತು ಕಾವ್ಯ ಒಂದಾಗಿ ನನ್ನ ಮೇಲೆ ಬಿದ್ದರು. ನಾನು ಬಾಯಿ ಮುಚ್ಚಿಕೊಂಡು ಒಂದು ದೊಡ್ಡ ಕೋಷ್ಟಕ ಮಾಡಿದೆ. ವೇಗ, ತೂಕ, ಕಲಿಯುವುದು ಸುಲಭವೋ ಕಷ್ಟವೋ, ಐದು ವರ್ಷ ಬಾಳುತ್ತದೋ ಇಲ್ಲವೋ. ಎಲ್ಲಕ್ಕೂ ಅಂಕ ಕೊಟ್ಟೆ. ಮೂರಕ್ಕೂ ಹೆಚ್ಚುಕಡಿಮೆ ಸಮ ಬಂತು. ಇದೆಂಥ ಕರ್ಮ ಅಂತ ಕೋಷ್ಟಕ ಅಳಿಸಿ ಮತ್ತೊಂದು ಮಾಡಿದೆ.

ಹೊರಗೆ ತುಂತುರು ಮಳೆ, ಬಿಡದ ಗಾಳಿ. ಕೆಳಗೆ ಪೇಂಟರುಗಳು ಗೋಡೆ ಉಜ್ಜುತ್ತಿದ್ದರು. ಒಂದು ಬೆಳಿಗ್ಗೆ ನಾನು ಕಾಫಿಗೆ ಇಳಿದಾಗ ಮೇಸ್ತ್ರಿ ಲತಾಳ ಮುಂದೆ ಬಣ್ಣದ ಕಾರ್ಡು ಹಿಡಿದು ನಿಂತಿದ್ದ. ಒಂದೇ ಹಳದಿಯಲ್ಲಿ ಇಪ್ಪತ್ತು ಬಗೆ. ನಾನಾಗಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದೆ. ಲತಾ ಕಾರ್ಡನ್ನು ಒಮ್ಮೆ ಬೆಳಕಿಗೆ ತಿರುಗಿಸಿ, "ಇದು ಅಣ್ಣ" ಅಂದು ಒಂದರ ಮೇಲೆ ಬೆರಳಿಟ್ಟಳು.

"ಅದ್ಹೇಗೆ ಅಷ್ಟು ಬೇಗ ಗೊತ್ತಾಯ್ತು ಲತಾ?" ಎಂದು ಬಾಯಿಬಿಟ್ಟು ಕೇಳಿದೆ.

"ಸಾರಿನ ಕೈ ಗುರುತು ಕಾಣ್ಬಾರ್ದು, ಫೋಟೋದಲ್ಲಿ ಹುಡುಗಿ ಮುಖ ಕಪ್ಪಾಗ್ಬಾರ್ದು. ಅಷ್ಟೇ ತಾನೇ ಮೇಡಂ?" ಎಂದು ನಕ್ಕಳು. ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಕಾಫಿ ಕುಡಿದು ಮೇಲೆ ಹೋಗಿ ಮತ್ತೆ ಕೋಷ್ಟಕದ ಮುಂದೆ ಕೂತೆ. ಅವಳ ಹತ್ತಿರ ಇನ್ನೆರಡು ನಿಮಿಷ ನಿಂತು ಛತ್ರದ ಬಗ್ಗೆ ಒಂದು ಪ್ರಶ್ನೆ ಕೇಳಬಹುದಿತ್ತು. ತೋಚಲೇ ಇಲ್ಲ.

ಎರಡನೆಯ ವಾರ ಜಗಳ ಚೌಕಟ್ಟಿನಿಂದ ಲೈಬ್ರರಿಗಳಿಗೆ ಹರಡಿತು. ಪ್ರಸಾದ್ ತೋರಿಸಿದ ಲೈಬ್ರರಿಯಲ್ಲಿ ಎಲ್ಲವೂ ಬ್ಯಾಂಕಿನ ಫಾರಂ ಹಾಗಿತ್ತು. ಕಾವ್ಯ ತೋರಿಸಿದ್ದರಲ್ಲಿ ಬಟನ್ನು ಮುಟ್ಟಿದರೆ ಅಲೆ ಏಳುತ್ತಿತ್ತು. "ಮದುವೆಗೆ ಅಲೆ ಯಾಕಮ್ಮ?" ಅಂತ ಪ್ರಸಾದ್ ಹಂಗಿಸಿದ. "ಲೋನ್ ತಗೊಳೋಕೆ ಬಂದಂಗಿರತ್ತೆ ನಿಮ್ದು" ಅಂತ ಅವಳು ತಿರುಗಿಸಿ ಕೊಟ್ಟಳು. ಪ್ರಸಾದ್ ಮೇಜು ಗುದ್ದಿ, "ಲೇ ಶೋಭಾ, ಏನಾದ್ರೂ ಒಂದು ಬೊಗಳೇ, ತಲೆ ಕೆಟ್ಟೋಯ್ತು ನಂಗೆ" ಅಂತ ಕೂಗಿದ. ನಾನೂ ಕೂಗಿದೆ. ಏನು ಕೂಗಿದೆ ನೆನಪಿಲ್ಲ, ಕಿಟಕಿಯ ಹೊರಗೆ ಏಣಿ ಮೇಲಿದ್ದ ಪೇಂಟರು ಬ್ರಷ್ಷು ನಿಲ್ಲಿಸಿ ಒಳಗೆ ನೋಡಿದ್ದು ಮಾತ್ರ ನೆನಪಿದೆ. ಅವತ್ತಿನಿಂದ ಪ್ರಸಾದ್ ಮೂರು ದಿನ ಬರಲಿಲ್ಲ.

ಲತಾಳ ಡೈರಿ ಅಷ್ಟೂ ದಿನ ಮೇಜಿನ ಮೇಲೇ ಇತ್ತು. ನೋಡಿರಲಿಲ್ಲ ಅಂತಲ್ಲ. ಒಂದೆರಡು ಸಲ ತೆರೆದೂ ಇದ್ದೆ. ಪ್ರತಿ ತಾರೀಖಿನ ಚೌಕಕ್ಕೂ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು, ಕೆಲವದರಲ್ಲಿ ಎರಡು ಕಡೆಯೂ ಬೇರೆ ಬೇರೆ ಹೆಸರು ಬರೆದಿದ್ದಳು. ಏನೋ ಅವಳ ರೂಢಿ ಅಂದುಕೊಂಡು ಮುಚ್ಚಿಟ್ಟೆ. ಎಂಟು ದಿನದ ಮೇಲೆ ಅವಳೇ ಬಂದು, "ಆಯ್ತಾ ಮೇಡಂ ನೋಡಿದ್ದು?" ಅಂದಳು. ಕಾವ್ಯ ಬುಕ್ಕಾಗಿದ್ದ ಮದುವೆಗಳನ್ನೆಲ್ಲ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದುಕೊಂಡಿದ್ದಳು. "ಆಯ್ತು ಆಯ್ತು" ಅಂತ ಡೈರಿ ವಾಪಸ್ಸು ಕೊಟ್ಟೆ.

ಮೂರನೆಯ ವಾರ ಮುಗಿಯುವಾಗ ಹೆದರಿಕೆ ಹುಟ್ಟಿತು. ಇನ್ನು ಏಳೇ ದಿನ. ಕೊನೆಗೆ ನಾನು ತೀರ್ಮಾನ ತೆಗೆದುಕೊಂಡದ್ದು ಹೇಗೆ ಅಂದರೆ ನೀವು ನಗುತ್ತೀರಿ. ಯಾವುದೋ ಒಂದು ಲೈಬ್ರರಿಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಎಷ್ಟು ಚೆಂದ ಇತ್ತು ಅಂದರೆ, ತಿಂಗಳು ತಿರುಗಿಸಿದರೆ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಸರಿಯುತ್ತಿತ್ತು. ಹತ್ತು ವರ್ಷ ಲಗ್ನಪತ್ರಿಕೆ ಮಾಡಿದವಳ ಮನಸ್ಸು, ಅಲ್ಲೇ ಸೋತೆ. ಅದು ರಿಯಾಕ್ಟಿಗೆ ಹೊಂದುವಂಥದ್ದು. "ಸರಿ, ರಿಯಾಕ್ಟೇ" ಅಂದೆ. ಪ್ರಸಾದ್ ಫೋನಿನಲ್ಲೇ, "ಸಖತ್ ಗುರು! ನಾಳೆ ಬರ್ತೀನಿ" ಅಂದ. ಕಾವ್ಯ ಮುಖ ದಪ್ಪ ಮಾಡಿಕೊಂಡರೂ ಆರು ದಿನ ಎಡೆಬಿಡದೆ ದುಡಿದಳು. ಪುಟದಲ್ಲಿ ಫೋನ್ ನಂಬರು ಹಾಕಿದರೆ ಎಲ್ಲರೂ ಫೋನೇ ಮಾಡುತ್ತಾರೆ, ಸೈಟನ್ನು ಬಳಸುವುದೇ ಇಲ್ಲ ಅಂತ ಪ್ರಸಾದ್ ಅಂದ. ಹೌದಲ್ಲ ಅನ್ನಿಸಿ ನಂಬರು ತೆಗೆಸಿದೆ. ಅಷ್ಟು ದಿನ ಯಾವುದಕ್ಕೂ ಹೂಂ ಅನ್ನದವಳು ಇದಕ್ಕೆ ತಟ್ಟನೆ ಹೂಂ ಅಂದೆ.

ಶ್ರಾವಣದ ಮೊದಲ ಶುಕ್ರವಾರ ಮುನಿಯಪ್ಪನವರು ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಹೂವು ಏರಿಸಿ, ಬಟನ್ನು ಒತ್ತಿದರು. "ಚೆನ್ನಾಗೈತೆ ಕಣವ್ವಾ, ನಮ್ ಛತ್ರ ಅರಮನೆ ಇದ್ದಂಗೆ ಕಾಣ್ತದೆ" ಅಂದರು. ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿದರು. ಲತಾಗೆ ಬೇರೆ ಪುಟ ಮಾಡಿಕೊಟ್ಟಿದ್ದೆವು, ಬುಕ್ಕಾದವರ ಹೆಸರು ಅದರಲ್ಲಿ ಸಾಲಾಗಿ ಬಂದು ಕೂರುತ್ತಿತ್ತು. ಜನ ನೋಡುವ ಕ್ಯಾಲೆಂಡರನ್ನು ಅವಳು ತೆರೆಯುವ ಪ್ರಮೇಯವೇ ಇರಲಿಲ್ಲ.

ಮೊದಲ ವಾರ ನಾಲ್ಕು ಹೆಸರು ಬಂದವು. ಎರಡನೆಯ ವಾರ ಒಂದು. ಗೇಟಿನ ಹತ್ತಿರ ಸಿಕ್ಕಾಗ ಲತಾ ಖುಷಿಯಲ್ಲೇ ಇದ್ದಳು. "ಮೇಡಂ, ಮುಂಚೆ ಈ ಟೈಮಲ್ಲಿ ಫೋನ್ ಕೆಳಗಿಡೋಕೇ ಆಗ್ತಿರ್ಲಿಲ್ಲ. ಈಗ ಬರೋದೇ ಇಲ್ಲ! ಎಲ್ಲಾ ನಿಮ್ ವೆಬ್‌ಸೈಟೇ ನೋಡ್ಕೊಳ್ತಿದೆ" ಅಂದಳು. ನಾನೂ ಬೀಗಿದೆ.

ಮೂರನೆಯ ವಾರ ಸುಬ್ರಹ್ಮಣ್ಯಪುರದಿಂದ ಮುನಿಯಪ್ಪನವರ ತಂಗಿಯ ಮನೆಯವರು ಲಗ್ನಪತ್ರಿಕೆ ಹಿಡಿದು ಬಂದರು. ಮೊಮ್ಮಗಳ ಮದುವೆ, ಕಾರ್ತಿಕದಲ್ಲಿ. ಛತ್ರದ ಹೆಸರು ಓದಿ ಮುನಿಯಪ್ಪನವರ ಮುಖ ಕಪ್ಪಿಟ್ಟಿತು. ಬೇರೆ ಯಾರದೋ ಛತ್ರ. ಅಂಗಳದಲ್ಲೇ ನಿಂತು ಏರು ದನಿಯಲ್ಲಿ ಕೇಳಿದರು. ಮೇಲಿದ್ದ ನಮಗೂ ಕೇಳಿಸಿತು, ಇಳಿದು ಹೋದೆವು.

"ಏನಮ್ಮಾ, ಸ್ವಂತ ಅಣ್ಣನ ಛತ್ರ ಇದ್ದೂ ಕಂಡೋರ ಛತ್ರಕ್ಕೆ ಹೋಗಿದ್ದೀಯಲ್ಲ?"

"ನಾವೇನ್ ಮಾಡಣ ಅಣ್ಣ? ನೀನೇ ಕಳ್ಸಿದ್ದಲ್ಲ ಅದೇನೋ, ಅದ್ರಲ್ಲಿ ಭಾನುವಾರ ಕೆಂಪಗಿತ್ತು. ಖಾಲಿ ಇಲ್ಲ ಅಂದ್ಕೊಂಡ್ವಿ" ಎಂದರು ತಂಗಿ.

"ಸೋಮವಾರದ ಮುಹೂರ್ತಕ್ಕೆ ಭಾನುವಾರ ಸಂಜೆಯಿಂದ ಖಾಲಿ ಇದೆಯಲ್ಲ ಅತ್ತೆ" ಅಂದಳು ಲತಾ. "ಭಾನುವಾರದವ್ರು ಮಧ್ಯಾಹ್ನ ಮೂರಕ್ಕೇ ಬಿಟ್ಟುಕೊಡ್ತಾರೆ." ಅಂದವಳೇ ಒಳಗೋಡಿ ಡೈರಿ ತಂದು ಬಿಡಿಸಿದಳು. ಆ ಭಾನುವಾರದ ಚೌಕದಲ್ಲಿ ಗೆರೆಯ ಮೇಲಿನ ಅರ್ಧದಲ್ಲಿ ಒಂದು ಹೆಸರಿತ್ತು. ಕೆಳಗಿನ ಅರ್ಧ ಖಾಲಿಯಿತ್ತು.

ಆ ಗೆರೆ ಯಾಕೆ ಅಂತ ನನಗೆ ಆಗ ಹೊಳೆಯಿತು. ಛತ್ರದ ದಿನ ಸಂಜೆಗೆ ಹುಟ್ಟುತ್ತದೆ. ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಧಾರೆ, ಮಧ್ಯಾಹ್ನ ಊಟ ಮುಗಿಸಿ ಮೂರಕ್ಕೆ ಬೀಗ. ಒಂದೇ ತಾರೀಖನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ನನ್ನ ಚೆಂದದ ಕ್ಯಾಲೆಂಡರಿಗೆ ದಿನ ಅಂದರೆ ನಡುರಾತ್ರಿಯಿಂದ ನಡುರಾತ್ರಿ. ಭಾನುವಾರ ಧಾರೆಯಿದ್ದರೆ ಅದು ಶನಿವಾರವನ್ನೂ ಭಾನುವಾರವನ್ನೂ ಪೂರ್ತಿ ಕೆಂಪು ಮಾಡಿ ಕೂರಿಸಿತ್ತು. ಹಿಂದಿನ ಮುಹೂರ್ತವೂ ಹೋಯಿತು, ಮುಂದಿನದೂ ಹೋಯಿತು. ಜನ ಕೆಂಪು ನೋಡಿದರು, ಕೇಳೋಣ ಅಂದರೆ ಫೋನ್ ನಂಬರಿಲ್ಲ, ಬೇರೆ ಛತ್ರ ಹುಡುಕಿಕೊಂಡರು. ಲೈಬ್ರರಿಯ ತಪ್ಪೇನಿಲ್ಲ, ನಾವು ಹೇಳಿದ್ದನ್ನು ಅದು ಮಾಡಿತು.

ಪರದೇಶದವರು ಹೀಗೆ ಮಾಡಿದ್ದರೆ ಪಾಪ ಗೊತ್ತಿಲ್ಲ ಅನ್ನಬಹುದಿತ್ತು. ಆರತಕ್ಷತೆಗೆ ಒಂದು ತಾರೀಖು, ಮುಹೂರ್ತಕ್ಕೆ ಮರುದಿನದ ತಾರೀಖು ಅಂತ ಹತ್ತು ವರ್ಷ ಲೆಕ್ಕವಿಲ್ಲದಷ್ಟು ಪತ್ರಿಕೆ ಜೋಡಿಸಿದವಳು ನಾನು. ಕಾವ್ಯ ನಾಲ್ಕು ತಿಂಗಳ ಹಿಂದೆ ಸಂಜೆ ಏಳಕ್ಕೆ ವೇದಿಕೆ ಹತ್ತಿ, ಮಾರನೆಯ ಬೆಳಿಗ್ಗೆ ತಾಳಿ ಕಟ್ಟಿಸಿಕೊಂಡವಳು. ಪ್ರಸಾದ್ ಒಂದು ದಿನ ಸಾಲದು ಅಂತ ಕಣ್ಣಿಗೆ ಕಂಡ ಮದುವೆಗೆಲ್ಲ ಎರಡೂ ದಿನ ಊಟಕ್ಕೆ ಹೋಗುವವನು. ಮೂವರಿಗೂ ಹೊಳೆಯಲಿಲ್ಲ. ಥೂ ನಮ್ಮ ಜನ್ಮಕ್ಕೆ.

ಕಾವ್ಯ ಅದೇ ಮಧ್ಯಾಹ್ನ ಕೂತು ಪ್ರತಿ ಚೌಕವನ್ನೂ ಎರಡು ಭಾಗ ಮಾಡಿದಳು. ಸಂಜೆ ಗಂಡನ ಮನೆಗೆ ಹೊರಡುವ ಹೊತ್ತಿಗೆ ಮುಗಿದಿತ್ತು. "ಸ್ವೆಲ್ಟಲ್ಲಿ ಆಗಿದ್ರೆ ಇನ್ನೂ ಬೇಗ ಆಗ್ತಿತ್ತಾ?" ಅಂತ ಕೇಳಿದೆ, ನಾಚಿಕೆಯಿಲ್ಲದೆ. "ಇಷ್ಟೇ ಹೊತ್ತು ಹಿಡೀತಿತ್ತು ಶೋಭಕ್ಕಾ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಮುನಿಯಪ್ಪನವರ ಹತ್ತಿರ ಹೋಗಿ, ತಪ್ಪು ನಮ್ಮದು, ಲತಾಳದಲ್ಲ ಅಂತ ಕೈಮುಗಿದು ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ನೀವು ಓದ್ದೋರು, ಬುಡಿ ತಾಯಿ. ನನ್ ತಂಗಿ ಮೊಮ್ಮಗಳ ಧಾರೆ ನನ್ ಚಪ್ಪರದಾಗೆ ಆಗ್ಲಿಲ್ಲ. ಊರೋರ್ಗೆ ನಾನೇನ್ ಹೇಳ್ಲಿ?" ಎಂದರು. ಕಾರ್ತಿಕದ ಮುಹೂರ್ತಗಳು ತುಂಬಲಿಲ್ಲ, ಶ್ರಾವಣ ಮುಗಿಯುವಾಗ ಛತ್ರದ ಬೀಗದ ಕೈ ಗೊಂಚಲು ಸುರೇಶನ ಕೈಗೆ ಹೋಯಿತು. ಗೌರಿ ಹಬ್ಬದ ಹೊತ್ತಿಗೆ ಈವೆಂಟ್ ಕಂಪನಿಯ ಬೋರ್ಡು ಬಂತು. ನಮಗೂ ಕೋಣೆ ಖಾಲಿ ಮಾಡಲು ಹೇಳಿದರು. ಬನಶಂಕರಿಯಲ್ಲಿ ಬೇರೆ ಜಾಗ ನೋಡಿಕೊಂಡೆವು.

ಇವತ್ತಿಗೂ ಯಾವ ಚೌಕಟ್ಟು ಸರಿ, ಯಾವ ಲೈಬ್ರರಿ ಸರಿ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಹೊಸವು ಬರುತ್ತಲೇ ಇರುತ್ತವೆ, ಗೊಂದಲವೂ ಹಾಗೇ ಇದೆ. ಕೆಲಸ ಸಾಗುತ್ತದೆ.

ಹಬ್ಬ ಕಳೆದ ಮೇಲೆ ಲತಾಳನ್ನು ನೋಡಲು ಹೋದೆ. ಗಂಡನ ಟ್ಯಾಂಕರುಗಳು ನಿಲ್ಲುವ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಯಾವ ಕ್ರಾಸಿಗೆ ಎಷ್ಟು ಲೋಡು ನೀರು ಅಂತ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಕುರ್ಚಿ ನನಗೆ ಕೊಟ್ಟು ತಾನು ಒಂದು ಡ್ರಮ್ಮಿನ ಮೇಲೆ ಕೂತಳು. ಕ್ಷಮೆ ಕೇಳಿದೆ. ಬಿಡಿ ಬಿಡಿ ಅಂದಳು. ಫೋನನ್ನು ಮಡಿಲಿಗೆ ಹಾಕಿಕೊಂಡಳು.

"ಮೇಡಂ, ಒಂದು ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು."

"ಕೇಳು ಲತಾ."

"ಆಷಾಢದಲ್ಲಿ ನೀವು ಮೂರೂ ಜನ ದಿನಾ ಮೇಲ್ಗಡೆ ಜಗಳ ಆಡ್ತಿದ್ರಲ್ಲ, ನನ್ ರೂಮಿಗೆ ಕೇಳಿಸ್ತಿತ್ತು. ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ಆದ್ರೂ ಖುಷಿ ಆಗ್ತಿತ್ತು. ನಮ್ ಮನೇಲಿ ಛತ್ರದ ಬಗ್ಗೆ ಯಾರೂ ನನ್ ಜೊತೆ ಕೂತು ಎರಡು ಮಾತಾಡಿದ್ದಿಲ್ಲ. ಇವ್ರು ನೋಡು, ನನ್ ಛತ್ರಕ್ಕೋಸ್ಕರ ಇಷ್ಟು ಹೊಡ್ದಾಡ್ತಿದ್ದಾರೆ ಅಂದ್ಕೊಳ್ತಿದ್ದೆ. ಅದಕ್ಕೇ ಪದೇ ಪದೇ ಮೇಲೆ ಬಂದು ತೊಂದ್ರೆ ಕೊಡ್ಲಿಲ್ಲ." ನನ್ನ ಮುಖವನ್ನೇ ನೋಡಿದಳು. "ಅದು ಛತ್ರದ ವಿಷ್ಯಾನೇ ಅಲ್ವಾ ಮೇಡಂ?"

ಹೌದು ಅಂದುಬಿಡಬಹುದಿತ್ತು. ಅವಳಿಗೆ ಅಷ್ಟಾದರೂ ಉಳಿಯುತ್ತಿತ್ತು. ನಾಲಗೆ ತುದಿಗೆ ಬಂದಿತ್ತು ಕೂಡ.

"ಅಲ್ಲ ಲತಾ" ಎಂದೆ.